ಇಳಿದ ಬೆಲೆ, ಇಳಿಯದ ಖರ್ಚು



ಅಮೆರಿಕದ ಟೆಕ್ಸಾಸಿನ ಕ್ರೈಸ್ತ ಧರ್ಮಪ್ರಚಾರಕ ಕೆನೆತ್ ಕೋಪ್‌ಲೆಂಡ್ ಅವರ ಸಂಸ್ಥೆಯು 2018ರಲ್ಲಿ ಚಿತ್ರನಿರ್ಮಾಪಕ ಟೈಲರ್ ಪೆರಿ ಅವರಿಂದ ಒಂದು ಹಳೆಯ ಗಲ್ಫ್‌ಸ್ಟ್ರೀಮ್ ಜೆಟ್ ವಿಮಾನವನ್ನು ಕೊಂಡಿತು. ಹಣ ಭಕ್ತರ ಕಾಣಿಕೆಯದು. ಕೊಂಡ ಮೇಲೆ ವಿಮಾನದ ಸುಧಾರಣೆಗೆ, ಅದನ್ನು ನಿಲ್ಲಿಸುವ ಕಟ್ಟಡಕ್ಕೆ, ಓಡುದಾರಿಯ ಕೆಲಸಕ್ಕೆ ಮತ್ತೆ ಆ ಭಕ್ತರನ್ನೇ ಕೇಳಲಾಯಿತು. ಇದನ್ನು ಓದಿ ನಗುವುದು ಸುಲಭ. ಆದರೆ ಭಕ್ತರ ಹಣದ ಲೆಕ್ಕ ಬರೆಯುವ ನಮಗೆ ನಗು ಬರಲಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ದೊಡ್ಡ ವಸ್ತುವನ್ನು ಕೊಳ್ಳುವುದು ಮಿತವ್ಯಯವೋ, ದುಂದುವೆಚ್ಚವೋ?

ಗಲ್ಫ್‌ಸ್ಟ್ರೀಮ್ ದೊಡ್ಡ ವಿಮಾನ. ಅದಕ್ಕಿಂತ ಚಿಕ್ಕದಾದ, ಮಧ್ಯಮ ಗಾತ್ರದ ಹಾಕರ್ 800 ಎಕ್ಸ್‌ಪಿ ವಿಮಾನವನ್ನೇ ನೋಡೋಣ. ಸಾಮಾನ್ಯವಾಗಿ ಎಂಟು ಜನರಿಗೆ ಆಸನ, ನಡೆಸಲು ಇಬ್ಬರು ಪೈಲಟ್‌ಗಳು. ಹೊಸದಿದ್ದಾಗ ಒಂದು ಕೋಟಿ ಡಾಲರಿಗೂ ಮಿಕ್ಕಿದ ಬೆಲೆ. ಈಗ ಅದರ ಸಣ್ಣ ಭಾಗಕ್ಕೆ ಸಿಗುತ್ತದೆ. ಆದರೆ ಅದು ಗಂಟೆಗೆ ಕುಡಿಯುವ ಸುಮಾರು ಸಾವಿರ ಲೀಟರ್ ಇಂಧನ ಕಡಿಮೆಯಾಗಿಲ್ಲ. ಪೈಲಟರ ಸಂಬಳ, ಎಂಜಿನ್ ರಿಪೇರಿ, ವಿಮೆ ಯಾವುದೂ ವಿಮಾನ ಹಳತಾಯಿತೆಂದು ರಿಯಾಯಿತಿ ಕೊಡುವುದಿಲ್ಲ. ಬೆಲೆ ಹಳೆಯದರದು, ಖರ್ಚು ಮಾತ್ರ ಹೊಸದರದು.

ಈ ವಿಮಾನದ ಪೂರ್ವಜವಾದ 125 ಎಂಬ ಮಾದರಿಗೆ 1962ರಲ್ಲಿಯೇ ಬ್ರಿಸ್ಟಲ್ ಸಿಡ್ಲೆ ಕಂಪನಿಯು ಒಂದು ಪದ್ಧತಿ ತಂದಿತು: ಹಾರಿದ ಪ್ರತಿ ಗಂಟೆಗೆ ಇಂತಿಷ್ಟು ಹಣ ಕಟ್ಟಿದರೆ ಎಂಜಿನ್ನಿನ ಹೊಣೆ ಕಂಪನಿಯದು. ಇಂದಿಗೂ ಹಳೆಯ ಜೆಟ್ ಕೊಳ್ಳುವ ಜಾಣರು ಎಂಜಿನ್ ಅಂಥ ಯೋಜನೆಯಲ್ಲಿದೆಯೇ ಎಂದು ವಿಚಾರಿಸುತ್ತಾರೆ. ಮೊದಲ ದಿನದಿಂದ ಬರೆದ ದಾಖಲೆ ಪುಸ್ತಕಗಳನ್ನು ಕೇಳುತ್ತಾರೆ. ಅವು ಕಳೆದಿದ್ದರೆ ಬೆಲೆ ಕುಸಿಯುತ್ತದೆ. ಹಿಂದಿನ ಮಾಲೀಕ ತೆರದೆ ಬಿಟ್ಟದ್ದನ್ನು ಮುಂದಿನವನು ತೆರಲೇಬೇಕು. ಹಳೆಯ ಟ್ರ್ಯಾಕ್ಟರ್ ಕೊಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೂರದ ಊರುಗಳಿಗೆ ಹೋಗಬೇಕಾದವರಿಗೆ ವೇಗದ ವಾಹನ ಬೇಡವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಂಥ ಜೆಟ್‌ಗಳೇ ರೋಗಿಗಳನ್ನು ಸಾಗಿಸುವ ಆಂಬ್ಯುಲೆನ್ಸ್‌ಗಳಾಗಿಯೂ ಹಾರುತ್ತವೆ. ಆದ್ದರಿಂದ ದೋಷ ವಾಹನದಲ್ಲಿಲ್ಲ. ಯಾರ ಅಗತ್ಯಕ್ಕೆ, ಯಾರ ಹಣದಲ್ಲಿ ಎಂಬುದರಲ್ಲಿದೆ.

ಆಯ್ದಕ್ಕಿ ಮಾರಯ್ಯ ಶರಣರ ಕಥೆ ತಮಗೆಲ್ಲ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿಗೆ ಬೆಲೆಯೇ ಇರಲಿಲ್ಲ. ಆದರೂ ಒಂದು ದಿನ ಹೆಚ್ಚು ತಂದಾಗ ಲಕ್ಕಮ್ಮತಾಯಿ ಅದನ್ನು ಮರಳಿ ಸುರಿದು ಬರಲು ಕಳಿಸಿದರು. ಎಷ್ಟು ಅಗ್ಗ ಎಂದು ಆ ತಾಯಿ ಕೇಳಲಿಲ್ಲ, ಎಷ್ಟು ಬೇಕು ಎಂದು ಕೇಳಿದರು.

ಈ ಮಾತು ನಮ್ಮ ಮಠಗಳಿಗೂ ಸಲ್ಲುತ್ತದೆ. ಅನುಕೂಲಸ್ಥ ಭಕ್ತರು ತಾವು ಬಳಸಿದ ದೊಡ್ಡ ಕಾರನ್ನು ಪ್ರೀತಿಯಿಂದ ಮಠಕ್ಕೆ ಅರ್ಪಿಸುವುದುಂಟು. ಕೊಟ್ಟವರ ಹೆಸರು ಫಲಕದಲ್ಲಿ ಉಳಿಯುತ್ತದೆ. ಆದರೆ ಡೀಸೆಲ್, ಟೈರು, ಚಾಲಕನ ಸಂಬಳ ವರ್ಷವರ್ಷ ದಾಸೋಹದ ಖಾತೆಗೇ ಬೀಳುತ್ತವೆ. ಅಂದರೆ ತಲೆಯ ಮೇಲೆ ಜೋಳದ ಚೀಲ ಹೊತ್ತು ತಂದ ರೈತನ ಮೇಲೆ. ಅವನ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ.

ಆದುದರಿಂದ ನಮ್ಮ ಬಿನ್ನಹವಿಷ್ಟೆ: ಮಠಕ್ಕಾಗಲಿ, ಮನೆಗಾಗಲಿ, ಅಂಗಡಿಗಾಗಲಿ ವಸ್ತುವನ್ನು ತರುವ ಮೊದಲು ಅದರ ಬೆಲೆಗಿಂತ ಮುಂಚೆ ವರ್ಷದ ಖರ್ಚನ್ನು ಬರೆಯಿರಿ. ಮಠದ್ದಾದರೆ ಅದನ್ನು ಭಕ್ತರ ಸಭೆಯಲ್ಲಿ ಗಟ್ಟಿಯಾಗಿ ಓದೋಣ. ಜೋಳ ತಂದ ರೈತ ಅಲ್ಲಿ ಕುಳಿತು ಕೇಳಿ ಒಪ್ಪಿದರೆ ತರೋಣ. ಅವನ ಮುಂದೆ ಓದಲು ಸಂಕೋಚವೆನಿಸಿದರೆ, ಪುಕ್ಕಟೆಯಾಗಿ ಬಂದರೂ ಕೈಮುಗಿದು ಮರಳಿಸೋಣ.