ಕೊಡುವವನ ಷರತ್ತು

ರೋಗಿಗಳ ಉಪಚಾರಕ್ಕಾಗಿ ಒಬ್ಬನು ದೊಡ್ಡ ಹಣವನ್ನು ಕೊಡುವಾಗ ಆ ಹಣದ ಸಂಗಡ ಒಂದು ಷರತ್ತನ್ನೂ ಸೇರಿಸಿ ಕೊಡುವದು ಯುಕ್ತವೋ? ಈ ಪ್ರಶ್ನೆಗೆ ನಮ್ಮಲ್ಲಿ ಅನೇಕರು ತಡಮಾಡದೆ ಉತ್ತರ ಕೊಡುವರು. ಆಕಳನ್ನು ದಾನವಾಗಿ ಕೊಟ್ಟು ಹಗ್ಗದ ತುದಿಯನ್ನು ತನ್ನ ಕೈಯಲ್ಲಿಯೇ ಇಟ್ಟುಕೊಂಡವನು ಆಕಳನ್ನು ಕೊಡಲೇ ಇಲ್ಲವೆಂದು ಅವರು ಹೇಳುವರು. ಈ ಮಾತಿನಲ್ಲಿ ನ್ಯಾಯವುಂಟು. ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಕೊಟ್ಟ ಆಕಳು ಯಾರ ಕೊಟ್ಟಿಗೆಗೆ ಹೋಗುತ್ತದೆ, ಅದರ ಹಾಲು ಯಾರ ಮಕ್ಕಳಿಗೆ ಸಿಕ್ಕುತ್ತದೆ, ಯಾರ ಮಕ್ಕಳು ಬಾಗಿಲ ಹೊರಗೆ ನಿಲ್ಲುತ್ತಾರೆ ಎಂಬದನ್ನು ವಿಚಾರಿಸದೆ ಕೈತೊಳೆದುಕೊಳ್ಳುವವನು ಉದಾರಿಯೋ, ಇಲ್ಲವೆ ಉದಾಸೀನನೋ? ಇದನ್ನು ಬರಿಯ ತರ್ಕದಿಂದ ತೂಗುವದಕ್ಕಿಂತ ನಡೆದ ಸಂಗತಿಗಳಿಂದ ತೂಗುವದು ಲೇಸು. ಆದಕಾರಣ ಅಮೇರಿಕ ದೇಶದ ಬಾಲ್ಟಿಮೋರ್ ಪಟ್ಟಣದಲ್ಲಿರುವ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆ ಮತ್ತು ವೈದ್ಯಶಾಲೆಯ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಜಾನ್ಸ್ ಹಾಪ್‌ಕಿನ್ಸ್ ಎಂಬವನು 1795ರಲ್ಲಿ ಮೇರಿಲ್ಯಾಂಡ್ ಸೀಮೆಯ ಒಂದು ಹೊಗೆಸೊಪ್ಪಿನ ತೋಟದಲ್ಲಿ ಹುಟ್ಟಿದನು. ಅವನ ಮನೆಯವರು ಕ್ವೇಕರ್ ಪಂಗಡಕ್ಕೆ ಸೇರಿದವರು. ಅವನು ಹುಡುಗನಾಗಿರುವಾಗಲೇ ಪಟ್ಟಣಕ್ಕೆ ಬಂದು ಚಿಕ್ಕಪ್ಪನ ಅಂಗಡಿಯಲ್ಲಿ ದುಡಿದು, ತರುವಾಯ ತಾನೇ ವರ್ತಕನಾಗಿ, ಲೇವಾದೇವಿಯಿಂದಲೂ ರೈಲುಮಾರ್ಗದ ಪಾಲುಗಳಿಂದಲೂ ಬಹು ಐಶ್ವರ್ಯವಂತನಾದನು. ಅವನು ಮದುವೆಯಾಗಲಿಲ್ಲ. 1873ರ ದಶಂಬರ ತಿಂಗಳಲ್ಲಿ ತೀರಿಕೊಂಡಾಗ ಎಪ್ಪತ್ತು ಲಕ್ಷ ಡಾಲರುಗಳನ್ನು ಒಂದು ವಿಶ್ವವಿದ್ಯಾಲಯಕ್ಕೂ ಒಂದು ಆಸ್ಪತ್ರೆಗೂ ಬಿಟ್ಟುಹೋದನು. ಅದೇ ವರುಷ ಧರ್ಮದರ್ಶಿಗಳಿಗೆ ಅವನು ಬರೆದ ಪತ್ರದಲ್ಲಿ, ಪಟ್ಟಣದ ಬಡರೋಗಿಗಳನ್ನು ಗಂಡು ಹೆಣ್ಣೆಂದಾಗಲಿ, ಪ್ರಾಯವೆಂದಾಗಲಿ, ಮೈಬಣ್ಣವೆಂದಾಗಲಿ ಭೇದವೆಣಿಸದೆ ಹಣ ತೆಗೆದುಕೊಳ್ಳದೆ ಸೇರಿಸಿಕೊಳ್ಳಬೇಕೆಂದು ಅಪ್ಪಣೆ ಮಾಡಿದ್ದನು. ಮೂಲಧನವನ್ನು ಮುಟ್ಟದೆ ಅದರ ಉತ್ಪನ್ನದಿಂದಲೇ ಕಟ್ಟಡವನ್ನು ಕಟ್ಟಬೇಕೆಂಬದು ಇನ್ನೊಂದು ಷರತ್ತು. ಆದದರಿಂದ ಕೆಲಸವು ಹನ್ನೆರಡು ವರುಷ ಸಾಗಿ, 1889ರಲ್ಲಿ ಆಸ್ಪತ್ರೆಯ ಬಾಗಿಲು ತೆರೆಯಿತು.

ಆಸ್ಪತ್ರೆಯೇನೋ ಎದ್ದಿತು, ಅದರ ಸಂಗಡ ವೈದ್ಯರನ್ನು ಕಲಿಸುವ ಶಾಲೆ ಮಾತ್ರ ಏಳಲಿಲ್ಲ. ಯಾಕಂದರೆ ವಿಶ್ವವಿದ್ಯಾಲಯದ ಪಾಲಿಗೆ ಬಂದ ಆಸ್ತಿಯು ಹೆಚ್ಚಾಗಿ ಬಾಲ್ಟಿಮೋರ್ ಮತ್ತು ಓಹಾಯೋ ಎಂಬ ರೈಲು ಕಂಪೆನಿಯ ಪಾಲುಗಳೇ ಆಗಿದ್ದವು. ಆ ಕಂಪೆನಿಗೆ ಕಷ್ಟಕಾಲ ಬಂದು ಲಾಭ ಹಂಚುವದು ನಿಂತುಹೋದಾಗ ಶಾಲೆಗೆ ಹಣವಿಲ್ಲದೆ ಹೋಯಿತು. ಆಗ ಅದೇ ಕಂಪೆನಿಯ ಅಧ್ಯಕ್ಷನಾಗಿದ್ದವನ ಮಗಳಾದ ಮೇರಿ ಎಲಿಜಬೆತ್ ಗ್ಯಾರೆಟ್ ಎಂಬಾಕೆಯು ತನ್ನ ಸ್ನೇಹಿತೆಯರನ್ನು ಕೂಡಿಸಿಕೊಂಡು ಒಂದು ಮಂಡಲಿಯನ್ನು ಕಟ್ಟಿದಳು. ಇವರಲ್ಲಿ ಕೆಲವರು ಧರ್ಮದರ್ಶಿಗಳ ಹೆಣ್ಣುಮಕ್ಕಳೇ. ಇವರು ದೇಶದ ನಾನಾ ಪಟ್ಟಣಗಳಲ್ಲಿ ಸ್ತ್ರೀಯರಿಂದ ಚಂದಾ ಎತ್ತಿ 1890ರಲ್ಲಿ ಒಂದು ಲಕ್ಷ ಡಾಲರುಗಳನ್ನು ಮುಂದಿಟ್ಟರು. ಅವರ ಷರತ್ತು ಒಂದೇ: ಗಂಡಸರನ್ನು ಯಾವ ನಿಯಮದ ಮೇಲೆ ಸೇರಿಸುವಿರೋ ಅದೇ ನಿಯಮದ ಮೇಲೆ ಹೆಂಗಸರನ್ನೂ ಸೇರಿಸಬೇಕು. ಧರ್ಮದರ್ಶಿಗಳು ಹಣವನ್ನು ಒಪ್ಪಿಕೊಂಡರೂ, ಐದು ಲಕ್ಷ ತುಂಬುವ ತನಕ ಶಾಲೆಯನ್ನು ತೆರೆಯಲಾಗದೆಂದು ಹೇಳಿದರು. 1892ರ ಕೊನೆಯಲ್ಲಿ ಗ್ಯಾರೆಟ್ ಎಂಬಾಕೆಯು ಕಡಿಮೆಯಾಗಿದ್ದ 3,06,977 ಡಾಲರುಗಳನ್ನು ತಾನೊಬ್ಬಳೇ ಕೊಟ್ಟಳು. ಆದರೆ ಈ ಸಾರಿ ಷರತ್ತುಗಳು ಇನ್ನೂ ಬಿಗಿಯಾದವು. ಶಾಲೆಗೆ ಸೇರುವವರು ಗಂಡಾಗಲಿ ಹೆಣ್ಣಾಗಲಿ ಮೊದಲು ಕಾಲೇಜಿನ ಪದವಿಯನ್ನು ಪಡೆದಿರಬೇಕು, ವಿಜ್ಞಾನವನ್ನು ಕಲಿತಿರಬೇಕು, ಫ್ರೆಂಚ್ ಜರ್ಮನ್ ಭಾಷೆಗಳನ್ನು ಓದಬಲ್ಲವರಾಗಿರಬೇಕು. ಕಟ್ಟಡಕ್ಕೆ ತನ್ನ ಹೆಸರನ್ನು ಆಕೆ ಕೇಳಲಿಲ್ಲ. ಸ್ತ್ರೀಯರ ನಿಧಿಯ ಸ್ಮಾರಕವೆಂದೇ ಕರೆಯಬೇಕೆಂದಳು. 1893ರಲ್ಲಿ ಶಾಲೆ ತೆರೆದಾಗ ಹದಿನೆಂಟು ವಿದ್ಯಾರ್ಥಿಗಳಲ್ಲಿ ಮೂವರು ಸ್ತ್ರೀಯರಿದ್ದರು.

ಈ ಹಗ್ಗವನ್ನು ನಾವು ಹೇಗೆ ಎಣಿಸೋಣ? ಇದರ ಫಲವನ್ನು ನೋಡೋಣ. ಆಗ ಅಮೇರಿಕದ ಅನೇಕ ವೈದ್ಯಶಾಲೆಗಳಲ್ಲಿ ಕಾಲೇಜಿನ ಮೆಟ್ಟಲು ಹತ್ತದವನೂ ಶುಲ್ಕ ಕೊಟ್ಟು ಡಾಕ್ತರನಾಗಬಹುದಾಗಿತ್ತು. ಆಕೆಯ ಷರತ್ತು ಈ ಶಾಲೆಯನ್ನು ಬೇರೆ ದಾರಿಯಲ್ಲಿ ನಡಿಸಿತು. 1910ರಲ್ಲಿ ಆ ದೇಶದ ವೈದ್ಯಶಾಲೆಗಳನ್ನೆಲ್ಲಾ ಪರೀಕ್ಷಿಸಿದ ಅಬ್ರಹಾಮ್ ಫ್ಲೆಕ್ಸ್‌ನರ್ ಎಂಬವನು ಇದನ್ನೇ ಮಾದರಿಯಾಗಿ ಎತ್ತಿ ತೋರಿಸಿದನು. ಹಾರ್ವರ್ಡಿನ ವೈದ್ಯಶಾಲೆಯು 1945ರ ವರೆಗೂ ಹೆಂಗಸರನ್ನು ಸೇರಿಸಲಿಲ್ಲ. ಅಲ್ಲಿ ಪದವಿಗೆ ಅವಕಾಶ ಸಿಕ್ಕದ ಹೆಲೆನ್ ಟಾಸಿಗ್ ಎಂಬಾಕೆಯು ಬಾಲ್ಟಿಮೋರಿನಲ್ಲಿ ಕಲಿತು 1927ರಲ್ಲಿ ಪದವಿ ಪಡೆದಳು. ಹೃದಯದ ದೋಷದಿಂದ ಮೈ ನೀಲಿಯಾಗಿ ಹುಟ್ಟುವ ಕೂಸುಗಳನ್ನು ಉಳಿಸುವ ಶಸ್ತ್ರಚಿಕಿತ್ಸೆಯು 1944ರಲ್ಲಿ ಆ ಆಸ್ಪತ್ರೆಯಲ್ಲಿ ಮೊದಲಾಗಿ ನಡೆದದ್ದು ಆಕೆಯ ಯೋಚನೆಯಿಂದಲೂ, ಆಲ್ಫ್ರೆಡ್ ಬ್ಲೇಲಾಕ್ ಎಂಬ ಶಸ್ತ್ರವೈದ್ಯನ ಕೈಯಿಂದಲೂ, ಅವನ ಸಹಾಯಕನಾದ ವಿವಿಯನ್ ಥಾಮಸನ ಜಾಣತನದಿಂದಲೂ. ಐವತ್ತು ವರುಷಗಳ ಹಿಂದೆ ಒಬ್ಬಳು ಹಟ ಹಿಡಿಯದೆ ಇದ್ದಿದ್ದರೆ ಆ ಬಾಗಿಲು ಟಾಸಿಗಳಿಗೂ ಮುಚ್ಚಿರುತ್ತಿತ್ತೋ ಏನೋ.

ಆದರೂ ಫಲ ಒಳ್ಳೆಯದಾದ ಮಾತ್ರಕ್ಕೆ ಷರತ್ತು ಹಾಕುವ ಅಧಿಕಾರವು ಹಣಕ್ಕೆ ಉಂಟೆಂದು ಹೇಳಲಾಗದು. ಹೆಂಗಸರನ್ನು ಸೇರಿಸಿರಿ ಎಂದು ಹೇಳುವ ಹಣವು ನಾಳೆ ಇಂಥವರನ್ನು ಸೇರಿಸಬೇಡಿರಿ ಎಂದೂ ಹೇಳಬಹುದು. ಕಷ್ಟದಲ್ಲಿರುವ ಧರ್ಮದರ್ಶಿಯು ಎರಡಕ್ಕೂ ತಲೆಯಾಡಿಸಬಹುದು. ಆದಕಾರಣ ಷರತ್ತನ್ನು ನ್ಯಾಯವಾಗಿ ಮಾಡುವದು ಹಣದ ಮೊತ್ತವಲ್ಲ, ಆ ಷರತ್ತಿನ ಮುಖವು ಯಾರ ಕಡೆಗೆ ತಿರುಗಿದೆ ಎಂಬದೇ. ಕೊಡುವವನ ಕಡೆಗೆ, ಅಂದರೆ ಅವನ ಹೆಸರು, ಅವನ ಕುಲ, ಅವನ ನೆಂಟರ ಕಡೆಗೆ ತಿರುಗಿದ್ದರೆ ಅದು ದಾನದ ವೇಷ ಹಾಕಿದ ವ್ಯಾಪಾರ. ಕೊಡುವವನೂ ಪಡೆಯುವವನೂ ಮಾತಾಡಿಕೊಳ್ಳುವ ಕೋಣೆಯೊಳಗೆ ಬರಲಾರದವರ ಕಡೆಗೆ ತಿರುಗಿದ್ದರೆ, ಅದು ಬಾಗಿಲ ಹೊರಗೆ ನಿಂತವರ ಪರವಾದ ಮಾತು. ಹಾಗಿದ್ದರೂ ಒಂದು ದುಃಖ ಉಳಿಯುತ್ತದೆ. ಮೂರು ಲಕ್ಷ ಡಾಲರ್ ಕೊಟ್ಟು ಕೊಂಡ ಆ ನ್ಯಾಯವನ್ನು ಧರ್ಮದರ್ಶಿಗಳು ಪುಕ್ಕಟೆಯಾಗಿಯೇ ಮಾಡಬಹುದಾಗಿತ್ತಲ್ಲವೇ?

ನಮ್ಮ ದಿನಗಳಲ್ಲಿಯೂ ಇಂಥ ದೃಷ್ಟಾಂತ ಉಂಟು. 2024ರಲ್ಲಿ ರೂತ್ ಗಾಟ್ಸ್‌ಮನ್ ಎಂಬ 93 ವರುಷದ ವಿಧವೆಯು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿರುವ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಶಾಲೆಗೆ ನೂರು ಕೋಟಿ ಡಾಲರುಗಳನ್ನು ಕೊಟ್ಟಳು. ಆಕೆ ಮುಂಚೆ ಅಲ್ಲಿಯೇ ಅಧ್ಯಾಪಕಿಯಾಗಿದ್ದವಳು. ಆ ಹಣದಿಂದ ಅಲ್ಲಿಯ ವೈದ್ಯವಿದ್ಯಾರ್ಥಿಗಳು ಶುಲ್ಕವಿಲ್ಲದೆ ಕಲಿಯುವಂತಾಯಿತು. ಶಾಲೆಯ ಹೆಸರನ್ನು ಬದಲಾಯಿಸಬಾರದೆಂಬದೇ ಆಕೆಯು ಕೇಳಿಕೊಂಡ ಮಾತು. ದೊಡ್ಡ ಕೊಡುಗೆಗಳ ಹಿಂದೆ ದೊಡ್ಡ ಅಕ್ಷರಗಳು ಬರುವ ಕಾಲದಲ್ಲಿ ತನ್ನ ಹೆಸರು ಬೇಡವೆಂಬ ಷರತ್ತು ಅಪರೂಪವೇ ಸರಿ.

ಇನ್ನು ಈ ಪ್ರಶ್ನೆಯ ಆಳವಾದ ಭಾಗಕ್ಕೆ ಬರುತ್ತೇವೆ. ಮೈಬಣ್ಣವನ್ನು ಎಣಿಸಬೇಡಿರೆಂದು ಬರೆದ ಹಾಪ್‌ಕಿನ್ಸನ ಮನೆಯಲ್ಲಿ ಗುಲಾಮರಿದ್ದರೆಂದು 1840 ಮತ್ತು 1850ರ ಜನಗಣತಿಯಿಂದ ತೋರುತ್ತದೆಂದು 2020ರಲ್ಲಿ ವಿಶ್ವವಿದ್ಯಾಲಯವೇ ಪ್ರಕಟಿಸಿತು. ಆ ಲೇಖಗಳ ಅರ್ಥದ ವಿಷಯದಲ್ಲಿ ಪಂಡಿತರೊಳಗೆ ವಾದವುಂಟು. ಅದು ಹೇಗಿದ್ದರೂ ಅವನ ಅಪ್ಪಣೆಯನ್ನು ಆಸ್ಪತ್ರೆಯು ಅರ್ಧವೇ ನಡಿಸಿತು. ಕಪ್ಪುವರ್ಣದವರನ್ನು ಸೇರಿಸಿಕೊಂಡರೂ ಅವರ ಮಂಚಗಳನ್ನು ಬೇರೆ ಕೋಣೆಗಳಲ್ಲಿ ಹಾಕಿತು. ಅಂಥ ಕೋಣೆಗೆ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪುವರ್ಣದ ಬಡ ಸ್ತ್ರೀ ಬಂದಳು. ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿದು ಬೆಳೆದವಳು, ಐದು ಮಕ್ಕಳ ತಾಯಿ. ಗರ್ಭಕೋಶದ ಕೊರಳಲ್ಲಿ ಕ್ಯಾನ್ಸರ್ ಹುಣ್ಣು ಇತ್ತು. ಅದೇ ವರುಷ ಅಕ್ಟೋಬರ್ ತಿಂಗಳಲ್ಲಿ ಮೂವತ್ತೊಂದು ವರುಷದವಳಾಗಿ ತೀರಿಕೊಂಡಳು. ಅವಳ ಹುಣ್ಣಿನಿಂದ ತೆಗೆದ ಜೀವಕಣಗಳು ಪರೀಕ್ಷಾಲಯದಲ್ಲಿ ಸಾಯದೆ ಬೆಳೆಯುತ್ತಲೇ ಹೋದವು. ಹಾಗೆ ಉಳಿದ ಮನುಷ್ಯರ ಜೀವಕಣಗಳು ಅದಕ್ಕಿಂತ ಮೊದಲು ಯಾರಿಗೂ ಸಿಕ್ಕಿರಲಿಲ್ಲ. ಅವು ಲೋಕದ ಪರೀಕ್ಷಾಲಯಗಳಿಗೆಲ್ಲಾ ಹೋಗಿ, ಪೋಲಿಯೋ ರೋಗಕ್ಕೆ ಕಂಡುಹಿಡಿದ ಮದ್ದಿನ ಪರೀಕ್ಷೆಗೂ ಇನ್ನೆಷ್ಟೋ ಶೋಧನೆಗಳಿಗೂ ಆಧಾರವಾದವು. ಆದರೆ ಅವಳನ್ನು ಯಾರೂ ಕೇಳಲಿಲ್ಲ. ಇಪ್ಪತ್ತು ವರುಷಗಳಿಗಿಂತ ಹೆಚ್ಚು ಕಾಲ ಅವಳ ಮನೆಯವರಿಗೂ ತಿಳಿಯಲಿಲ್ಲ. ಕೇಳುವ ಪದ್ಧತಿ ಆ ದಿನಗಳಲ್ಲಿ ಇರಲಿಲ್ಲವೆಂಬದು ನಿಜ. ಆ ಕಣಗಳನ್ನು ತಾನು ಮಾರಿ ಲಾಭ ಮಾಡಿಕೊಳ್ಳಲಿಲ್ಲವೆಂದು ಆಸ್ಪತ್ರೆಯು ಹೇಳುತ್ತದೆ. 2018ರಲ್ಲಿ ಒಂದು ಕಟ್ಟಡಕ್ಕೆ ಅವಳ ಹೆಸರಿಡುವದಾಗಿಯೂ ವಿಶ್ವವಿದ್ಯಾಲಯವು ಪ್ರಕಟಿಸಿತು.

ಪ್ರಿಯ ವಾಚಕರೇ, ಈ ಇಬ್ಬರು ಸ್ತ್ರೀಯರನ್ನು ಜೊತೆಯಾಗಿ ನಿಲ್ಲಿಸಿ ನೋಡಿರಿ. ಒಬ್ಬಳು ಹಣ ಕೊಟ್ಟಳು. ಅವಳ ಷರತ್ತುಗಳನ್ನು ಕಾಗದದ ಮೇಲೆ ಬರೆದು ರುಜು ಹಾಕಿದರು. ಇನ್ನೊಬ್ಬಳ ಮೈಯಿಂದಲೇ ತೆಗೆದುಕೊಂಡರು. ಅವಳಿಗೆ ಷರತ್ತು ಹೇಳುವ ಸಮಯವೇ ಬರಲಿಲ್ಲ. ಅವಳಿಂದ ಬಂದದ್ದು ಮೂರು ಲಕ್ಷ ಡಾಲರಿಗಿಂತ ಕಡಿಮೆಯೋ? ಆದರೂ ಅದನ್ನು ದಾನವೆನ್ನುವದಕ್ಕೆ ನಾವು ಹಿಂಜರಿಯುತ್ತೇವೆ. ಯಾಕಂದರೆ ಇಲ್ಲವೆನ್ನುವ ಬಾಯಿ ಇದ್ದಲ್ಲಿಯೇ ಹೌದೆಂಬ ಮಾತಿಗೆ ಬೆಲೆ. ಕೇಳದೆ ತೆಗೆದುಕೊಂಡದ್ದು ಎಷ್ಟು ಲೋಕೋಪಕಾರಕ್ಕೆ ಬಂದರೂ ಅದು ದಾನವಾಗದು. ಅದು ಸಾಲವಾಗಿಯೇ ಉಳಿಯುತ್ತದೆ, ಮತ್ತು ಆ ಸಾಲದಲ್ಲಿ ನಾವೂ ಪಾಲುಗಾರರು. ಆ ಶೋಧನೆಗಳ ಪ್ರಯೋಜನವು ಸಮುದ್ರ ದಾಟಿ ನಮ್ಮ ಮಕ್ಕಳ ವರೆಗೂ ಬಂದಿದೆಯಲ್ಲಾ.

ಹೀಗಿರಲಾಗಿ ಮೊದಲಿನ ಪ್ರಶ್ನೆಗೆ ನಮ್ಮ ಉತ್ತರವು ಇದು. ಷರತ್ತು ಹಾಕುವ ಹಕ್ಕು ಕೊಡುವವನಿಗೆ ಉಂಟು; ಆದರೆ ಅದು ಶ್ರೀಮಂತನಿಗೆ ಎಷ್ಟೋ ಬಡವನಿಗೂ ಅಷ್ಟೇ ಉಂಟು. ಆಸ್ಪತ್ರೆಗೆ ಸಾವಿರ ರೂಪಾಯಿ ಕೊಡುವವನನ್ನು ಕುರ್ಚಿ ಹಾಕಿ ಕೂಡಿಸಿ ಅವನ ಮನಸ್ಸನ್ನು ವಿಚಾರಿಸುತ್ತೇವೆ. ಒಂದು ಬಾಟಲಿ ರಕ್ತ ಕೊಡುವ ಕೂಲಿಯವನನ್ನೂ, ಸತ್ತ ಮೇಲೆ ತನ್ನ ಕಣ್ಣುಗಳನ್ನು ಕೊಡಬೇಕೆನ್ನುವ ಮುದುಕಿಯನ್ನೂ, ಕಲಿಯುವ ಡಾಕ್ತರರು ಸುತ್ತಲೂ ನಿಂತು ನೋಡುವಾಗ ಮಂಚದ ಮೇಲೆ ಸುಮ್ಮಗೆ ಮಲಗಿರುವ ರೋಗಿಯನ್ನೂ ಅಷ್ಟೇ ಮರ್ಯಾದೆಯಿಂದ ಕೇಳಿದೆವೋ? ವೈದ್ಯಶಾಲೆಯು ಹಣದಿಂದ ಕಟ್ಟಲ್ಪಡುತ್ತದೆ. ವಿದ್ಯೆಯಾದರೋ ರೋಗಿಯ ದೇಹದಿಂದಲೇ ಕಲಿಯಲ್ಪಡುತ್ತದೆ. ಆ ರೋಗಿಗಳಲ್ಲಿ ಹೆಚ್ಚಿನವರು ನಮ್ಮಂಥ ಹಳ್ಳಿಗಳಿಂದ ಹೋದವರೇ.

ಆದದರಿಂದ ಆಸ್ಪತ್ರೆಗೆಂದು ಚಂದಾ ಎತ್ತುವಾಗ, ಇಷ್ಟು ಕೊಟ್ಟೆವು ಎಂಬ ಲೆಕ್ಕದ ಸಂಗಡ ಇನ್ನೊಂದನ್ನೂ ಕೇಳುವವರಾಗೋಣ. ನಾವು ಕೊಟ್ಟ ಕಾಸು ಒಳಗೆ ಹೋದ ಬಾಗಿಲಿನಿಂದ ನಮ್ಮ ಊರಿನ ಅತಿ ಬಡವನೂ ಒಳಗೆ ಹೋಗಬಲ್ಲನೋ? ಒಳಗೆ ಹೋದ ಮೇಲೆ ಅವನ ಮೈಯನ್ನು ಮುಟ್ಟುವ ಮುಂಚೆ ಅವನ ಸಂಗಡ ಒಂದು ಮಾತು ಆಡುವರೋ? ಹೀಗೆ ಕೇಳುವದು ಕೊಟ್ಟ ಆಕಳ ಹಗ್ಗವನ್ನು ಹಿಡಿದಂತಲ್ಲ. ಅದು ಕೊಟ್ಟ ಹಾಲು ಹಸಿದ ಕೂಸಿನ ಬಾಯಿಗೆ ಬಿದ್ದಿತೋ ಎಂದು ನೋಡಿದಂತೆ.