ಊರಿಗೆ ಉತ್ತರ ಕೊಡದವರು

ಚಹಾದ ಪುಡಿಯನ್ನು ಹಬೆಯಲ್ಲಿ ಮೆತ್ತಗಾಗಿಸಿ, ಅಚ್ಚಿಗೆ ತುಂಬಿ, ಯಂತ್ರದಿಂದ ಒತ್ತಿದರೆ ಇಟ್ಟಿಗೆಯಾಗುತ್ತದೆ. ಒಣಗಿದ ಮೇಲೆ ಅದನ್ನು ಒಡೆಯಲು ಚಾಕು ಬೇಕು. ಮಂಗೋಲಿಯ, ಸೈಬೀರಿಯಗಳ ಜನ ಅದನ್ನು ಕುದಿಸಿ ಕುಡಿಯುತ್ತಿದ್ದರು, ಬೇಕಾದಾಗ ದುಡ್ಡಿನ ಬದಲು ಚಲಾಯಿಸುತ್ತಲೂ ಇದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಇಟ್ಟಿಗೆಗಳಿಗೆ ಹೆಸರಾಗಿದ್ದದ್ದು ಹಾಂಕೌ. ಚೀನಾದ ಯಾಂಗ್ಟ್ಸಿ ನದಿಯ ಮೇಲೆ, ಸಮುದ್ರದಿಂದ ಸುಮಾರು 1,000 ಕಿಲೋಮೀಟರ್ ಒಳಗಿರುವ ಊರು. ಅಲ್ಲಿ ಇವುಗಳನ್ನು ಒತ್ತುತ್ತಿದ್ದದ್ದು ರಷ್ಯನ್ನರ ಕಾರ್ಖಾನೆಗಳು. 1891ರಲ್ಲಿ ರಷ್ಯದ ಯುವರಾಜ ನಿಕೋಲಸ್ ಅಷ್ಟು ದೂರ ಬಂದು ಹೋಗಿದ್ದಾನೆಂದರೆ ಆ ಚಹಾದ ತೂಕ ಎಷ್ಟೆಂದು ಊಹಿಸಿಕೊಳ್ಳಬಹುದು.

ಬೇಸಿಗೆಯಲ್ಲಿ ನದಿ ಉಬ್ಬಿದಾಗ ಸಮುದ್ರದ ಹಡಗುಗಳೇ ಹಾಂಕೌವರೆಗೆ ಬರುತ್ತಿದ್ದವು. ಚಳಿಗಾಲದಲ್ಲಿ ನೀರು ಎಷ್ಟು ಆಳಕ್ಕೆ ಇಳಿಯುತ್ತಿತ್ತೆಂದರೆ, ಕೂಲಿಗಳು ದಡದ ಕಲ್ಲಿನ ಮೆಟ್ಟಿಲುಗಳನ್ನು ಇಳಿದಿಳಿದು ಹೊರೆ ಸಾಗಿಸಬೇಕಿತ್ತು. ಇಷ್ಟೇ ಆಗಿದ್ದರೆ ಇದು ಎಲ್ಲ ಬಂದರುಗಳ ಕತೆ. ಹಾಂಕೌ ಕತೆ ಬೇರೆ. 1858ರ ಟಿಯಾಂಜಿನ್ ಒಪ್ಪಂದವನ್ನು ಚೀನಾ ಬರೆದುಕೊಟ್ಟದ್ದು ಯುದ್ಧದಲ್ಲಿ ಸೋತು. ಅದರ ಬಲದಿಂದ 1861ರಲ್ಲಿ ಬ್ರಿಟಿಷರು ನದಿದಡದಲ್ಲಿ ತಮ್ಮ ಕನ್ಸೆಷನ್, ಅಂದರೆ ತಮ್ಮದೇ ಆಡಳಿತ ನಡೆಯುವ ಗೇಣಿ ನೆಲ, ಹಾಕಿಕೊಂಡರು. 1895ರಲ್ಲಿ ಜರ್ಮನರು, ಮರುವರ್ಷ ರಷ್ಯನ್ನರು ಮತ್ತು ಫ್ರೆಂಚರು, 1898ರಲ್ಲಿ ಜಪಾನೀಯರು ಬಂದರು. ಒಂದೇ ದಡ, ಒಂದರ ಪಕ್ಕ ಒಂದರಂತೆ ಐದು ದೇಶಗಳ ಆಡಳಿತ.

ಬ್ರಿಟಿಷರು ಆ ನೆಲಕ್ಕೆ ಗೇಣಿ ಕೊಡುತ್ತಿದ್ದರು. ಅಂದರೆ ಕಾಗದದ ಮೇಲೆ ಅವರು ಒಕ್ಕಲು. ಆದರೆ ಪೊಲೀಸರು ಒಕ್ಕಲಿನವರೇ, ನಗರಸಭೆ ಒಕ್ಕಲಿನದೇ, ಒಕ್ಕಲು ತಪ್ಪು ಮಾಡಿದರೆ ವಿಚಾರಿಸುವ ಕಾನ್ಸಲ್ ಕೂಡ ಒಕ್ಕಲಿನ ಕಡೆಯವನೇ. ಆಮದು ಸುಂಕ ಸುಮಾರು ಶೇ. 5, ಅದನ್ನು ತನ್ನಿಷ್ಟದಂತೆ ಏರಿಸುವ ಹಕ್ಕು ಚೀನಾಕ್ಕಿರಲಿಲ್ಲ. ಕಾವಲಿಗೆ ಪಂಜಾಬಿನಿಂದ ತಂದ ಸಿಖ್ಖರೂ ಇದ್ದರು. ಇದನ್ನು ಓದುವಾಗ ನಮಗೆ ಕಸಿವಿಸಿಯಾಗಬೇಕು, ಆಗುತ್ತದೆ.

ಇದನ್ನು ವ್ಯಾಪಾರ ಎನ್ನಬಹುದೇ? ಸಂತೆಗೆ ಬರುವವನಿಗೆ ಒಂದು ಅಂಜಿಕೆ ಇದ್ದೇ ಇರುತ್ತದೆ: ಇಂದು ತೂಕದಲ್ಲಿ ಹೊಡೆದರೆ ಮುಂದಿನ ವಾರ ಇದೇ ಮುಖಗಳನ್ನು ನೋಡಬೇಕಲ್ಲ. ಕೊಳ್ಳುವವರ ಮರ್ಜಿ ಅವನಿಗೆ ಬೇಕು. ಪರದೇಶಿ ವ್ಯಾಪಾರಿಗೆ ಆ ಅಂಜಿಕೆ ಇನ್ನೂ ಹೆಚ್ಚಿರುವುದು ಸಹಜ. ಕನ್ಸೆಷನ್ ಮಾಡಿದ ಕೆಲಸವೆಂದರೆ ಆ ಅಂಜಿಕೆಯನ್ನು ತೆಗೆದುಹಾಕಿದ್ದು. ಊರಿನ ಲಾಭ ತನಗೆ ಬೇಕು, ಊರಿಗೆ ಜವಾಬು ಕೊಡುವ ಕಟ್ಟುಪಾಡು ಬೇಡ. ಜವಾಬು ಕೊಡುತ್ತಿದ್ದವನು ನಡುವಿನ ಚೀನೀ ದಲ್ಲಾಳಿ, ಕಾಂಪ್ರಡೋರ್. ಹಳ್ಳಿಯ ಚಹಾ ಬೆಳೆಗಾರರನ್ನೂ ವಿದೇಶಿ ಕಂಪನಿಯನ್ನೂ ಬಲ್ಲವನು ಅವನೊಬ್ಬನೇ. ಸಾಲ ಮುಳುಗಿದರೆ ಹೊಣೆ ಅವನದೇ.

ಇದಕ್ಕೆ ಎದುರುವಾದವುಂಟು, ಅದು ಹಗುರವಾದುದೇನಲ್ಲ. ಚಕ್ರವರ್ತಿಯ ಕೈಗೆ ಸಿಗದ ಆ ನೆಲ ಬಂಡಾಯಗಾರರಿಗೆ ಅಡಗುದಾಣವಾಯಿತು, ಆಧುನಿಕ ಚೀನಾ ಅಲ್ಲೇ ಮೊಳೆಯಿತು ಎನ್ನುತ್ತಾರೆ. 1911ರ ಅಕ್ಟೋಬರ್ 9ರಂದು ಹಾಂಕೌನ ರಷ್ಯನ್ ಕನ್ಸೆಷನ್ನಿನ ಮನೆಯೊಂದರಲ್ಲಿ ಕ್ರಾಂತಿಕಾರಿಗಳು ಕಟ್ಟುತ್ತಿದ್ದ ಬಾಂಬು ಸಿಡಿದದ್ದು ನಿಜ. ಮಾರನೆಯ ದಿನ ನದಿಯಾಚೆಯ ವುಚಾಂಗ್‌ನಲ್ಲಿ ಸೈನಿಕರು ದಂಗೆ ಎದ್ದರು, ಕೆಲವೇ ತಿಂಗಳಲ್ಲಿ ಚಿಂಗ್ ವಂಶ ಉರುಳಿತು. ಆದರೆ ನಡುವಿನ ಒಂದು ರಾತ್ರಿಯನ್ನು ಈ ವಾದ ಹಾರಿಸಿಬಿಡುತ್ತದೆ. ಸದ್ದು ಕೇಳಿ ಓಡಿಬಂದ ರಷ್ಯನ್ ಪೊಲೀಸರು ಮನೆಯಲ್ಲಿ ಸಿಕ್ಕ ಹೆಸರಿನ ಪಟ್ಟಿಗಳನ್ನು ಚೀನೀ ಅಧಿಕಾರಿಗಳ ಕೈಗೆ ಕೊಟ್ಟರು. ಬೆಳಗಾಗುವಷ್ಟರಲ್ಲಿ ಮೂವರ ತಲೆ ಉರುಳಿತ್ತು. ಪಟ್ಟಿಯಲ್ಲಿ ಹೆಸರಿದ್ದ ಸೈನಿಕರಿಗೆ ದಂಗೆಯ ಹೊರತು ಬೇರೆ ದಾರಿ ಉಳಿಯಲಿಲ್ಲ. ಬಂಡಾಯಗಾರರು ಅಲ್ಲಿ ಅಡಗಿದ್ದರು, ಸರಿ. ಅಡಗುವ ಹಕ್ಕನ್ನು ಯಾರೂ ಅವರಿಗೆ ಕೊಟ್ಟಿರಲಿಲ್ಲ. ಮಳೆ ಬಂತೆಂದು ಬೇರೆಯವರ ಜಗಲಿಯಲ್ಲಿ ನಿಂತ ಹಾಗೆ.

ದೀಪ, ರಸ್ತೆ, ಗಡಿಯಾರದ ಗೋಪುರಗಳ ಮಾತು ಬೇಡ. 1924ರಲ್ಲಿ ಮುಗಿದ ಕಸ್ಟಮ್ಸ್ ಕಟ್ಟಡ ಚೆಂದವಿದೆ, ಇಂದಿಗೂ ನಿಂತಿದೆ. ಅದು ಕಟ್ಟಿದವರ ಕಸುಬಿಗೆ ಸಾಕ್ಷಿ, ಕಟ್ಟಿಸಿದವರ ನ್ಯಾಯಕ್ಕಲ್ಲ.

ಸವಲತ್ತು ಹೋದರೆ ವ್ಯಾಪಾರವೇ ಸಾಯುತ್ತದೆ ಎಂಬುದು ಕಾನ್ಸಲ್‌ಗಳ ನಿಜವಾದ ಭಯವಾಗಿತ್ತು. 1925ರ ಜೂನ್‌ನಲ್ಲಿ ಬ್ರಿಟಿಷರ ಗುಂಡಿಗೆ ಹಾಂಕೌನಲ್ಲಿ ಹಲವರು ಸತ್ತರು. 1927ರ ಜನವರಿಯಲ್ಲಿ ಜನರೇ ಬ್ರಿಟಿಷ್ ಕನ್ಸೆಷನ್ನಿನೊಳಗೆ ನುಗ್ಗಿದಾಗ ನೌಕಾಪಡೆಯವರು ಹಡಗಿಗೆ ಮರಳಿದರು. ಫೆಬ್ರವರಿಯಲ್ಲಿ ಬ್ರಿಟನ್ ಆ ನೆಲವನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಆ ಭಯ ಎಷ್ಟು ನಿಜವೆಂದು ತಿಳಿಯಲು ಅವರು ಕಾಯಬೇಕಿರಲಿಲ್ಲ. ಜರ್ಮನರನ್ನು ನೋಡಿದ್ದರೆ ಸಾಕಿತ್ತು. ಮಹಾಯುದ್ಧದ ನಡುವೆ, 1917ರಲ್ಲಿ, ಚೀನಾ ಅವರ ಕನ್ಸೆಷನ್ ಕಿತ್ತುಕೊಂಡಿತ್ತು. 1921ರಲ್ಲಿ ಅವರು ಹೊಸ ಒಪ್ಪಂದ ಮಾಡಿಕೊಂಡದ್ದು ಯಾವ ವಿಶೇಷ ಹಕ್ಕೂ ಇಲ್ಲದೆ. ಚೀನಾದ ಕಾನೂನು, ಚೀನಾದ ಕೋರ್ಟು. ಗನ್‌ಬೋಟಿನ ಬೆಂಬಲವಿಲ್ಲದೆ ಮತ್ತೆ ಅಂಗಡಿ ತೆರೆದ ಅವರು, ಆ ದಶಕದಲ್ಲಿ ಚೀನಾದ ತುಂಬ ಚೆನ್ನಾಗಿಯೇ ವ್ಯಾಪಾರ ಮಾಡಿದರು.