ಇಂದಿನ ಧಮ್ಮ ಚಿಂತನೆ: ನೆನಪಿನಲ್ಲಿ ನಿಂತದ್ದೆಲ್ಲ ನಿಜವೇ?



ನಾನು ಈಗ ಜಪಾನಿ ಲಿಪಿ ಕಲಿಯುತ್ತಿದ್ದೇನೆ. ಚೀನಾದಿಂದ ಅಲ್ಲಿಗೆ ಹೋದ ‘ಕಾಂಜಿ’ ಅಕ್ಷರಗಳಲ್ಲಿ ನಿತ್ಯ ಬಳಕೆಗೆಂದು ಜಪಾನ್ ಸರ್ಕಾರ 2010ರಲ್ಲಿ ಗೊತ್ತುಮಾಡಿದವೇ 2,136. ಬರೀ ಉರು ಹೊಡೆದರೆ ಉಳಿಯುವುದಿಲ್ಲ. ಅದಕ್ಕೇ ಕಲಿಯುವವರು ಅಕ್ಷರವನ್ನು ಬಿಡಿಸಿ, ಆ ತುಂಡುಗಳಿಂದ ಒಂದು ಕತೆ ಕಟ್ಟಿಕೊಳ್ಳುತ್ತಾರೆ. ಮನುಷ್ಯನ ಪಕ್ಕ ಮರವಿದ್ದರೆ ‘ವಿಶ್ರಾಂತಿ’: ದಣಿದವನು ಮರಕ್ಕೆ ಒರಗಿದ. ಮೂರು ಮರ ಸೇರಿದರೆ ಕಾಡು.

‘ನೆನ್’ ಎಂಬ ಅಕ್ಷರದಲ್ಲಿ ಮೇಲೆ ‘ಈಗ’, ಕೆಳಗೆ ‘ಹೃದಯ’. ನಾವು ‘ಸಮ್ಮಾ ಸತಿ’ ಅನ್ನುತ್ತೇವಲ್ಲ, ಆ ಸತಿಗೆ ಬೌದ್ಧ ಗ್ರಂಥಗಳ ಚೀನಿ ಅನುವಾದಗಳಲ್ಲಿ ಬಳಸಿದ್ದು ಇದೇ ಅಕ್ಷರ. ಈ ಕ್ಷಣದಲ್ಲಿ ಹೃದಯ ಇಡುವುದೇ ಸತಿ! ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಆದರೆ ಸುಮಾರು 1,900 ವರ್ಷ ಹಳೆಯ ಚೀನಿ ಅಕ್ಷರಕೋಶ ‘ಶುವೊವೆನ್’ ಬೇರೆಯೇ ಹೇಳುತ್ತದೆ: ಅರ್ಥ ಬಂದಿರುವುದು ಹೃದಯದಿಂದ, ‘ಈಗ’ ಇರುವುದು ಉಚ್ಚಾರಣೆಯ ಗುರುತಿಗಾಗಿ. ಸತಿ ಪದದ ಮೂಲಾರ್ಥವೂ ನೆನಪು ಎಂದೇ. ಅಂದರೆ ಆ ಕತೆ ಚೆಂದ, ಉಪಯೋಗಕ್ಕೂ ಬರುತ್ತದೆ, ಆದರೆ ಚರಿತ್ರೆಯಲ್ಲ.

ಹಾಗಾದರೆ ನಿಜವಲ್ಲದ ಕತೆಯ ನೆರವಿನಿಂದ ಕಲಿಯುವುದು ತಪ್ಪೇ? ಅದು ಕತೆ ಎಂಬ ಅರಿವು ಇರುವವರೆಗೆ ತಪ್ಪಲ್ಲ ಎಂದು ನನಗನಿಸುತ್ತದೆ. ಬುದ್ಧರು ತೆಪ್ಪದ ಉಪಮೆ ಕೊಟ್ಟರಲ್ಲವೇ? ಹೊಳೆ ದಾಟಿದ ಮೇಲೆ ತೆಪ್ಪವನ್ನು ತಲೆಯ ಮೇಲೆ ಹೊತ್ತು ನಡೆಯಬೇಕಿಲ್ಲ.

ನೆನಪಿಗೆ ಸುಲಭವಾದದ್ದನ್ನೇ ನಿಜ ಅಂದುಕೊಂಡಾಗ ಅಪಾಯ. ಪುರುಷಸೂಕ್ತ ನೋಡಿ. ಬಾಯಿ, ತೋಳು, ತೊಡೆ, ಪಾದ: ನಾಲ್ಕು ವರ್ಣಕ್ಕೆ ನಾಲ್ಕು ಅಂಗ. ಚಿಕ್ಕ ಮಗುವಿಗೂ ಒಮ್ಮೆ ಹೇಳಿದರೆ ಸಾಕು. ಮೇಲೆ ಯಾರು, ಕೆಳಗೆ ಯಾರು ಎಂದು ಬೇರೆ ವಿವರಿಸಬೇಕಿಲ್ಲ. ಆ ಚಿತ್ರದಲ್ಲಿ ನಮ್ಮ ಹಿರಿಯರಿಗೆ ಪಾದದಲ್ಲೂ ಜಾಗವಿರಲಿಲ್ಲ. ಅಕ್ಷರ ಕಲಿಯಲು ಕಟ್ಟಿದ ಕತೆ ಯಾರ ನೀರನ್ನೂ ಕಿತ್ತುಕೊಳ್ಳಲಿಲ್ಲ. ಈ ಕತೆಯನ್ನು ನಿಜವೆಂದು ನಂಬಿದವರು ಕೆರೆಯ ನೀರನ್ನೂ ಮುಟ್ಟಗೊಡಲಿಲ್ಲ. ಬಾಬಾಸಾಹೇಬರು 1946ರಲ್ಲಿ ಬಂದ ‘ಶೂದ್ರರು ಯಾರು?’ ಗ್ರಂಥದಲ್ಲಿ ಈ ಸೂಕ್ತವನ್ನು ಬಿಡಿಸಿ ಬಿಡಿಸಿ ಪ್ರಶ್ನಿಸಿದರು. ಬಾಯಿಪಾಠವಾಗಿ ಬಂದದ್ದೆಂದು ಬಿಟ್ಟುಬಿಡಲಿಲ್ಲ.

ಪರಂಪರೆಯಿಂದ ಬಂದಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಬೇಡಿ ಎಂದು ಬುದ್ಧರು ಕಾಲಾಮರಿಗೆ ಹೇಳಿದ್ದೂ ಇದನ್ನೇ. ಮಕ್ಕಳಿಗೆ ಪಂಚಶೀಲ ಕಲಿಸುವಾಗ ಹಾಡು, ಕತೆ, ಚಿತ್ರ ಎಲ್ಲವನ್ನೂ ಬಳಸೋಣ. ಜೊತೆಗೆ “ಇದು ಯಾಕೆ?” ಎಂದು ಕೇಳುವುದನ್ನೂ ಕಲಿಸೋಣ.

ಇಂದಿನ ಪ್ರಶ್ನೆ: ನನ್ನ ನೆನಪಿನಲ್ಲಿ ಗಟ್ಟಿಯಾಗಿ ಕೂತಿರುವ ಯಾವ ಮಾತನ್ನು ನಾನು ಇನ್ನೂ ಪರೀಕ್ಷಿಸಿಲ್ಲ?

ಭವತು ಸಬ್ಬ ಮಂಗಲಂ. ಜೈ ಭೀಮ್.